ದಮ್ಮಿಗೆ ದುಬಾರಿ ಇಂಜೆಕ್ಷನ್: ಹೋಲಿಸಬೇಕಾದ್ದು ಯಾವುದರ ಜೊತೆಗೆ?

ಪ್ರಶ್ನೆ: ನಮ್ಮದು ಸಿಂಧನೂರು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಹೆಂಡತಿಗೆ 42 ವರ್ಷ, ತೂಕ 66 ಕೆ.ಜಿ. ಎರಡನೆಯ ಹೆರಿಗೆಯಾದ ಮೇಲೆ ಶುರುವಾದ ದಮ್ಮು ಹದಿನೈದು ವರ್ಷವಾದರೂ ಬಿಟ್ಟಿಲ್ಲ. ಮೂಗಿನಲ್ಲಿ ದುರ್ಮಾಂಸ ಬೆಳೆದು ಎರಡು ಸಲ ಆಪರೇಷನ್ ಮಾಡಿಸಿದೆವು, ಮತ್ತೆ ಬೆಳೆದಿದೆ. ವಾಸನೆ ಪೂರ್ತಿ ಹೋಗಿದೆ. ಹೋದ ತಿಂಗಳು ಒಲೆಯ ಮೇಲಿನ ಹಾಲು ಸೀದು ಪಾತ್ರೆ ಕರ್ರಗಾದರೂ, ಅದೇ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತ ಕೂತಿದ್ದವಳಿಗೆ ಗೊತ್ತಾಗಲಿಲ್ಲ. ಒಂದು ವರ್ಷದಲ್ಲಿ ಐದು ಸಲ ಉಸಿರು ಕಟ್ಟಿದೆ, ಎರಡು ಸಲ ರಾಯಚೂರಿನಲ್ಲಿ ದಾಖಲು ಮಾಡಿದ್ದೆ. ಆ ಎರಡು ಸಲವೂ ಸೊಂಟನೋವೆಂದು ಗುಳಿಗೆ ತೆಗೆದುಕೊಂಡು ಮಲಗಿದ ರಾತ್ರಿಯೇ ಜೋರಾಯಿತು. ಎಂಟು ತಿಂಗಳಿಂದ ದಿನಾ 10 ಮಿ.ಗ್ರಾಂ ಪ್ರೆಡ್ನಿಸೊಲೋನ್ ನಡೆಯುತ್ತಿದೆ. ಮುಖ ಊದಿದೆ, ಹೊಸದಾಗಿ ಶುಗರ್ ಬಂದಿದೆ. ರಕ್ತದಲ್ಲಿ ಇಸಿನೊಫಿಲ್ 820, ಐಜಿಇ 640 ಎಂದು ರಿಪೋರ್ಟ್ ಇದೆ. ಬೆಂಗಳೂರಿನ ವೈದ್ಯರು ‘ಬಯೋಲಾಜಿಕ್’ ಇಂಜೆಕ್ಷನ್ ಹಾಕಿಸಿ ಎಂದಿದ್ದಾರೆ. ಅದು ಕ್ಯಾನ್ಸರಿನ ಇಂಜೆಕ್ಷನ್, ಟಿಬಿ ಬರುತ್ತದೆ, ಒಮ್ಮೆ ಹಿಡಿದರೆ ಸಾಯುವತನಕ ಬಿಡುವಂತಿಲ್ಲ ಎಂದು ಬಳಗದವರು ಹೆದರಿಸುತ್ತಿದ್ದಾರೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಔಷಧ ನುಂಗಿಸು ಎನ್ನುವವರೂ ಇದ್ದಾರೆ. ಹಣ ಹೊಂದಿಸಬಲ್ಲೆ, ಆದರೆ ಹೆದರಿಕೆ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಇಂಜೆಕ್ಷನ್ನಿನ ಭಯಕ್ಕೆ ಸಿಕ್ಕಷ್ಟು ಜಾಗ ದಿನವೂ ನುಂಗುತ್ತಿರುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆಗೆ ಸಿಕ್ಕಿಲ್ಲ. ನನ್ನ ಹೊರರೋಗಿ ವಿಭಾಗದಲ್ಲಿ ಕೂತು ಮಾತನಾಡುವ ಹತ್ತು ಕುಟುಂಬಗಳಲ್ಲಿ ಎಂಟು ಹೀಗೆಯೇ ಮಾತನಾಡುತ್ತವೆ. ಇಂಜೆಕ್ಷನ್ ಹೊಸದು, ದುಬಾರಿ, ಹೆಸರು ನಾಲಿಗೆಗೆ ಹೊರಳುವುದಿಲ್ಲ, ಆದ್ದರಿಂದ ಭಯ ಹುಟ್ಟಿಸುತ್ತದೆ. ಬಿಳಿ ಗುಳಿಗೆಯಾದರೋ ಹಳೆಯದು, ಅಗ್ಗ, ನುಂಗಿದ ಮರುದಿನವೇ ಎದೆ ಹಗುರ ಮಾಡುತ್ತದೆ, ಆದ್ದರಿಂದ ಮನೆಯವರಂತೆ ಆಗಿಬಿಟ್ಟಿದೆ. ‘ಇಂಜೆಕ್ಷನ್ ಹಾಕಿಸಿದರೆ ಏನಾದರೂ ಆದೀತೇ’ ಎಂಬ ಪ್ರಶ್ನೆಯನ್ನು ‘ಗುಳಿಗೆಯನ್ನು ಹೀಗೇ ಮುಂದುವರಿಸಿದರೆ ಏನಾಗುತ್ತದೆ’ ಎಂಬ ಪ್ರಶ್ನೆಯ ಪಕ್ಕದಲ್ಲಿಟ್ಟೇ ಕೇಳಬೇಕು.

ನೀವು ಲೆಕ್ಕ ಬರೆಯುವವರು, ಆದ್ದರಿಂದ ಲೆಕ್ಕವನ್ನೇ ಹಾಕೋಣ. ದಿನಕ್ಕೆ 10 ಮಿ.ಗ್ರಾಂನಂತೆ ಎಂಟು ತಿಂಗಳಿಗೆ ಸುಮಾರು 2,400 ಮಿ.ಗ್ರಾಂ. ಉಸಿರು ಕಟ್ಟಿದ ಐದು ಸಲವೂ ವಾಡಿಕೆಯಂತೆ ದಿನಕ್ಕೆ 40 ಮಿ.ಗ್ರಾಂ ಐದು ದಿನ ಕೊಟ್ಟಿದ್ದರೆ ಇನ್ನೊಂದು 1,000. ಒಟ್ಟು ಹತ್ತಿರ ಹತ್ತಿರ ಮೂರೂವರೆ ಗ್ರಾಂ, ಅದೂ ಒಂದೇ ವರ್ಷದಲ್ಲಿ. ಜೀವಮಾನವಿಡೀ ಸೇರಿಸಿ ಅರ್ಧದಿಂದ ಒಂದು ಗ್ರಾಂ ದಾಟಿದಾಗಲೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆ, ಹೃದ್ರೋಗಗಳ ಸಾಧ್ಯತೆ ಏರತೊಡಗುತ್ತದೆ ಎಂದು ಅಸ್ತಮಾ ರೋಗಿಗಳ ದೊಡ್ಡ ದಾಖಲೆಗಳನ್ನು ಪರಿಶೀಲಿಸಿದವರು ತೋರಿಸಿದ್ದಾರೆ. ನಿಮ್ಮ ಪತ್ನಿಗೆ ಬಂದಿರುವ ಶುಗರ್ ಮತ್ತು ಮುಖದ ಊತವನ್ನು ಆ ಸಾಲದ ಮೊದಲ ಕಂತು ಎಂದು ತಿಳಿಯಿರಿ. ಇದನ್ನು ಓದಿ ಗುಳಿಗೆಯನ್ನು ಇವತ್ತೇ ನಿಲ್ಲಿಸುವುದು ಮಾತ್ರ ಖಂಡಿತ ಬೇಡ. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಮಲಗಿರುತ್ತದೆ, ಆದ್ದರಿಂದ ಥಟ್ಟನೆ ನಿಲ್ಲಿಸಿದರೆ ವಾಂತಿ, ತಲೆಸುತ್ತು, ರಕ್ತದೊತ್ತಡದ ಕುಸಿತ ಆಗಿ ಜೀವಕ್ಕೇ ಕುತ್ತು ಬರಬಹುದು.

ಇನ್ನು ಬಳಗದವರ ಮಾತುಗಳನ್ನು ಒಂದೊಂದಾಗಿ ನೋಡೋಣ, ಏಕೆಂದರೆ ಅವುಗಳಲ್ಲಿ ಯಾವುದೂ ಗಾಳಿಯಿಂದ ಹುಟ್ಟಿದ್ದಲ್ಲ.

‘ಕ್ಯಾನ್ಸರಿನ ಇಂಜೆಕ್ಷನ್’ ಎಂಬ ಮಾತಿಗೆ ಎರಡು ಮೂಲಗಳಿವೆ. ಈ ಔಷಧಗಳ ಹೆಸರೆಲ್ಲ ‘ಮ್ಯಾಬ್’ ಎಂದು ಕೊನೆಯಾಗುತ್ತವೆ; ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳದೂ ಹಾಗೆಯೇ. ಜೊತೆಗೆ ದೊಡ್ಡ ಆಸ್ಪತ್ರೆಗಳಲ್ಲಿ ಇದನ್ನು ಹಾಕುವುದು ಡೇ-ಕೇರ್ ವಾರ್ಡಿನಲ್ಲಿ. ಪಕ್ಕದ ಮಂಚದಲ್ಲಿ ಕೂದಲು ಉದುರಿದವರೊಬ್ಬರಿಗೆ ಕಿಮೋ ಬಾಟಲಿ ಹನಿಯುತ್ತಿರುವುದನ್ನು ಕಂಡ ಸಂಬಂಧಿ ಊರಿಗೆ ಬಂದು ಏನು ಹೇಳಬಹುದೆಂದು ಊಹಿಸಬಹುದು. ‘ಮ್ಯಾಬ್’ ಎಂದರೆ ಒಂದೇ ಗುರಿಗೆ ಅಂಟಿಕೊಳ್ಳುವಂತೆ ಜೀವಕೋಶಗಳಲ್ಲಿ ಬೆಳೆಸಿದ ಪ್ರತಿಕಾಯ ಎಂದಷ್ಟೇ ಅರ್ಥ. ಗುರಿ ಯಾವುದು ಎಂಬುದರ ಮೇಲೆ ಅದು ಯಾವ ರೋಗದ ಔಷಧ ಎಂಬುದು ನಿಂತಿದೆ. ಈ ಇಂಜೆಕ್ಷನ್ನಿನಿಂದಲೇ ಕ್ಯಾನ್ಸರ್ ಬರುವುದೇ ಎಂಬ ಅನುಮಾನ ವಿಜ್ಞಾನಿಗಳಿಗೂ ಒಮ್ಮೆ ಇತ್ತು. 2003ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಒಮಾಲಿಜುಮ್ಯಾಬ್‌ನ ಆರಂಭದ ಪ್ರಯೋಗಗಳಲ್ಲಿ ಕ್ಯಾನ್ಸರ್ ಪ್ರಕರಣಗಳು ತುಸು ಹೆಚ್ಚು ಕಂಡಿದ್ದವು. ಆ ಕಾರಣಕ್ಕೇ ಸಾವಿರಾರು ರೋಗಿಗಳನ್ನು ಐದು ವರ್ಷ ಗಮನಿಸಿದ ಅಧ್ಯಯನ ನಡೆಯಿತು, ಅದರಲ್ಲಿ ಇಂಜೆಕ್ಷನ್ ಪಡೆದವರಿಗೂ ಪಡೆಯದವರಿಗೂ ಕ್ಯಾನ್ಸರಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಟಿಬಿಯ ಮಾತು ಕೀಲುವಾತದಿಂದ ಬಂದದ್ದು. ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಮುಂತಾದವು ಟಿಎನ್‌ಎಫ್ ಎಂಬ ವಸ್ತುವನ್ನು ತಡೆಯುತ್ತವೆ; ಟಿಬಿ ರೋಗಾಣುವನ್ನು ಶ್ವಾಸಕೋಶದಲ್ಲಿ ಗೂಡು ಕಟ್ಟಿ ಕೂಡಿಹಾಕುವುದು ಇದೇ ಟಿಎನ್‌ಎಫ್. ಅದನ್ನು ತಡೆದರೆ ಮಲಗಿದ್ದ ಟಿಬಿ ಏಳುತ್ತದೆ ಎಂಬುದು ನಿಜ. ಅಸ್ತಮಾದ ಬಯೋಲಾಜಿಕ್‌ಗಳ ಗುರಿ ಬೇರೆ. ಆದರೂ ನಮ್ಮ ಭಾಗದಲ್ಲಿ ಟಿಬಿ ಸಾಮಾನ್ಯವಾದ್ದರಿಂದ ನಾನು ಎದೆಯ ಎಕ್ಸ್-ರೇ ನೋಡದೆ ಯಾರಿಗೂ ಶುರು ಮಾಡುವುದಿಲ್ಲ. ಹಾಗೆ ನೋಡಿದರೆ ಟಿಬಿಯನ್ನು ಎಬ್ಬಿಸುವ ಗುಣ ದಿನವೂ ನುಂಗುವ ಸ್ಟೀರಾಯ್ಡ್ ಗುಳಿಗೆಗೇ ಹೆಚ್ಚು ಇದೆ, ಅದರ ಬಗ್ಗೆ ಯಾರೂ ನಿಮ್ಮನ್ನು ಹೆದರಿಸಿದಂತಿಲ್ಲ.

‘ಹಿಡಿದರೆ ಬಿಡುವಂತಿಲ್ಲ’ ಎನ್ನುವುದು ಅರ್ಧ ಸತ್ಯ. ಇದು ಚಟವಲ್ಲ, ನಿಲ್ಲಿಸಿದರೆ ಮೈ ನಡುಗುವುದಿಲ್ಲ, ಅಡ್ರಿನಲ್ ಗ್ರಂಥಿ ಮಲಗಿರುವುದಿಲ್ಲ. ಆದರೆ ಇದು ರೋಗವನ್ನು ಬೇರುಸಹಿತ ಕೀಳುವುದೂ ಇಲ್ಲ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಬಹಳ ಜನರಿಗೆ ಇಸಿನೊಫಿಲ್ ಮತ್ತೆ ಏರುತ್ತದೆ, ದಮ್ಮು ಮರಳುತ್ತದೆ. ಕನಿಷ್ಠ ಒಂದು ವರ್ಷ ಪೂರ್ತಿ ಹತೋಟಿಯಲ್ಲಿದ್ದವರಲ್ಲಿ ಮಾತ್ರ ಇಂಜೆಕ್ಷನ್ನಿನ ನಡುವಿನ ಅಂತರ ಹೆಚ್ಚಿಸಿ ನೋಡುವ ಅಥವಾ ನಿಲ್ಲಿಸಿ ನೋಡುವ ಯೋಚನೆ ಮಾಡುತ್ತೇವೆ. ಆದ್ದರಿಂದ ಒಂದು ವರ್ಷದ ಖರ್ಚನ್ನಲ್ಲ, ಹಲವು ವರ್ಷಗಳ ಖರ್ಚನ್ನು ಮನಸ್ಸಿನಲ್ಲಿಟ್ಟುಕೊಂಡೇ ಶುರು ಮಾಡಬೇಕು.

ಇದು ಕೆಲಸ ಮಾಡುವ ಬಗೆಯನ್ನು ಸಿಂಧನೂರಿನವರಿಗೆ ಹೇಳುವುದು ಸುಲಭ. ಸ್ಟೀರಾಯ್ಡ್ ಗುಳಿಗೆ ಎಂದರೆ ಮುನಿರಾಬಾದಿನಲ್ಲಿ ಎಡದಂಡೆ ಮುಖ್ಯ ಕಾಲುವೆಯ ಗೇಟನ್ನೇ ಇಳಿಸಿದಂತೆ: ಉಕ್ಕುತ್ತಿದ್ದ ಗದ್ದೆಯ ನೀರು ನಿಲ್ಲುತ್ತದೆ, ಜೊತೆಗೆ ಕುಡಿಯುವ ನೀರಿನ ಕೆರೆಯೂ ಒಣಗುತ್ತದೆ. ಬಯೋಲಾಜಿಕ್ ಎಂದರೆ ಉಕ್ಕುತ್ತಿರುವ ಒಂದು ವಿತರಣಾ ಕಾಲುವೆಯ ತೂಬನ್ನಷ್ಟೇ ಮುಚ್ಚುವುದು. ಇದರ ಲಾಭ ಎಷ್ಟು ಸ್ಪಷ್ಟವೋ ಮಿತಿಯೂ ಅಷ್ಟೇ ಸ್ಪಷ್ಟ: ನೀರು ಉಕ್ಕುತ್ತಿರುವುದು ಬೇರೆ ಕಾಲುವೆಯಿಂದಾದರೆ ಈ ತೂಬು ಮುಚ್ಚಿ ಏನೂ ಆಗುವುದಿಲ್ಲ, ಹಣ ಮಾತ್ರ ಹರಿದುಹೋಗುತ್ತದೆ.

ಆ ಕಾಲುವೆಗಳು ಯಾವುವು? ಅಲರ್ಜಿಯ ಪ್ರತಿಕಾಯವಾದ ಐಜಿಇ ಒಂದು. ಅದನ್ನು ರಕ್ತದಲ್ಲೇ ಹಿಡಿದುಕೊಳ್ಳುವುದು ಒಮಾಲಿಜುಮ್ಯಾಬ್. ಇಸಿನೊಫಿಲ್ ಎಂಬ ಬಿಳಿ ರಕ್ತಕಣ ಇನ್ನೊಂದು. ಅದನ್ನು ಮೂಳೆಮಜ್ಜೆಯಲ್ಲಿ ಬೆಳೆಸಿ ಬದುಕಿಸಿಡುವ ಸಂದೇಶಕ್ಕೆ ಇಂಟರ್‌ಲ್ಯೂಕಿನ್-5 ಎಂದು ಹೆಸರು. ಮೆಪೊಲಿಜುಮ್ಯಾಬ್ ಆ ಸಂದೇಶವನ್ನು ತಡೆಯುತ್ತದೆ, ಬೆನ್ರಾಲಿಜುಮ್ಯಾಬ್ ಸಂದೇಶ ಕೇಳಿಸಿಕೊಳ್ಳುವ ಕಿವಿಯನ್ನೇ ಹಿಡಿದು ಇಸಿನೊಫಿಲ್ ಕಣವನ್ನು ಬಹುಮಟ್ಟಿಗೆ ಇಲ್ಲವಾಗಿಸುತ್ತದೆ. ಕಫ ಹೆಚ್ಚಿಸಿ ಮೂಗು-ಶ್ವಾಸನಾಳಗಳ ಒಳಪದರವನ್ನು ಊದಿಸುವ ಇಂಟರ್‌ಲ್ಯೂಕಿನ್-4 ಮತ್ತು 13ರ ದಾರಿ ಮೂರನೆಯದು. ಅದನ್ನು ಮುಚ್ಚುವುದು ಡುಪಿಲುಮ್ಯಾಬ್. ಈ ಎಲ್ಲಕ್ಕೂ ಮೇಲಿನ ಹಂತದಲ್ಲಿ ತಡೆಯುವ ಟೆಜೆಪೆಲುಮ್ಯಾಬ್‌ಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ಇವೆಲ್ಲ ಪ್ರೋಟೀನುಗಳಾದ್ದರಿಂದ ಗುಳಿಗೆ ಮಾಡಿ ನುಂಗಿಸಿದರೆ ಹೊಟ್ಟೆಯಲ್ಲಿ ಬೇಳೆಯಂತೆ ಜೀರ್ಣವಾಗಿಬಿಡುತ್ತವೆ, ಅದಕ್ಕಾಗಿ ಚುಚ್ಚಲೇಬೇಕು. ಸರಿಯಾದ ರೋಗಿಯನ್ನು ಆರಿಸಿದರೆ ಉಸಿರು ಕಟ್ಟುವ ಸಂದರ್ಭಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ, ಸ್ಟೀರಾಯ್ಡ್ ಗುಳಿಗೆ ಕಡಿಮೆಯಾಗುತ್ತದೆ, ಕೆಲವರಲ್ಲಿ ಪೂರ್ತಿ ನಿಲ್ಲುತ್ತದೆ.

‘ಸರಿಯಾದ ರೋಗಿ’ ಎಂಬ ಮಾತಿನಲ್ಲೇ ಎಲ್ಲವೂ ಇದೆ. ನೂರು ಅಸ್ತಮಾ ರೋಗಿಗಳಲ್ಲಿ ನಿಜವಾಗಿ ತೀವ್ರ ಸ್ವರೂಪದ ರೋಗ ಇರುವವರು ನಾಲ್ಕು ಮಂದಿ ಇದ್ದಾರು. ಔಷಧದಿಂದ ಗುಣ ಕಾಣದ ಉಳಿದವರಲ್ಲಿ ತೊಡಕು ಬೇರೆಲ್ಲೋ ಇರುತ್ತದೆ. ಗಂಗಾವತಿ ಕಡೆಯ ರೈಸ್ ಮಿಲ್ಲಿನ ಹಮಾಲರೊಬ್ಬರು ಒಂದು ಸಲ ದಪ್ಪ ಫೈಲು ಹಿಡಿದು, ‘ಎಲ್ಲಾ ಮುಗಿದೈತ್ರೀ, ಇನ್ನ ಆ ದೊಡ್ಡ ಇಂಜೆಕ್ಷನ್ ಒಂದ ಉಳಿದೈತಿ’ ಎನ್ನುತ್ತ ಬಂದರು. ಇನ್ಹೇಲರ್ ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ ಎಂದೆ. ಅವರು ಡಬ್ಬಿಯಿಂದ ಕ್ಯಾಪ್ಸೂಲ್ ತೆಗೆದು ಬಾಯಿಗೆ ಹಾಕಿಕೊಂಡು ನನ್ನ ಮೇಜಿನ ಮೇಲಿನ ನೀರಿನ ಬಾಟಲಿಗೆ ಕೈ ಚಾಚಿದರು. ಸೇದಬೇಕಾದ ಪುಡಿಯ ಕ್ಯಾಪ್ಸೂಲನ್ನು ಹನ್ನೊಂದು ತಿಂಗಳು ನುಂಗಿದ್ದರು. ಸೇದುವ ಯಂತ್ರ ಮನೆಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿತ್ತು. ತಪ್ಪು ಅವರದಲ್ಲ, ಕೊಟ್ಟವರು ಯಾರೂ ಮಾಡಿ ತೋರಿಸಿರಲಿಲ್ಲ. ಆರು ವಾರದ ನಂತರ ಅವರಿಗೆ ಯಾವ ಇಂಜೆಕ್ಷನ್ನೂ ಬೇಕಿರಲಿಲ್ಲ.

ನಿಮ್ಮ ಪತ್ರದಲ್ಲಿ ಇನ್ಹೇಲರಿನ ಹೆಸರೇ ಇಲ್ಲ. ಆಕೆ ಯಾವುದನ್ನು, ಎಷ್ಟು ಪ್ರಮಾಣದಲ್ಲಿ, ದಿನಕ್ಕೆ ಎಷ್ಟು ಸಲ ಸೇದುತ್ತಾರೆ, ಸೇದಿದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯುತ್ತಾರೆಯೇ, ಡಬ್ಬಿಯ ಹಿಂದಿನ ಅಂಕಿ ಸೊನ್ನೆಯಾದ ಮೇಲೂ ಅದನ್ನೇ ಒತ್ತುತ್ತಿದ್ದಾರೆಯೇ ಎಂಬುದನ್ನು ವೈದ್ಯರ ಎದುರು ಮಾಡಿ ತೋರಿಸಲಿ. ಇಂಜೆಕ್ಷನ್ ಶುರುವಾದ ಮೇಲೂ ಇನ್ಹೇಲರ್ ನಿಲ್ಲುವುದಿಲ್ಲ.

ಈಗ ನಿಮ್ಮ ಪತ್ರದ ಅತಿ ಮುಖ್ಯ ವಾಕ್ಯಕ್ಕೆ ಬರುತ್ತೇನೆ, ಅದನ್ನು ನೀವು ಜೊತೆಗೊಂದು ಮಾತೆಂಬಂತೆ ಬರೆದಿದ್ದೀರಿ: ದಾಖಲಾದ ಎರಡು ಸಲವೂ ಸೊಂಟನೋವಿನ ಗುಳಿಗೆ ನುಂಗಿದ ರಾತ್ರಿಯೇ ಉಸಿರು ಕಟ್ಟಿದೆ. ವಯಸ್ಕರಾದ ಮೇಲೆ ಬಂದ ದಮ್ಮು, ಕಿತ್ತಷ್ಟೂ ಬೆಳೆಯುವ ಮೂಗಿನ ದುರ್ಮಾಂಸ, ನೋವಿನ ಗುಳಿಗೆಯಿಂದ ಉಲ್ಬಣ, ಈ ಮೂರೂ ಒಟ್ಟಿಗೆ ಬರುವ ಒಂದು ರೋಗವೇ ಇದೆ. ಆಸ್ಪಿರಿನ್‌ನಿಂದ ಉಲ್ಬಣಿಸುವ ಅಸ್ತಮಾ ಎಂದು ಅದನ್ನು ಕರೆಯುತ್ತೇವೆ. ಇದು ಸಾಮಾನ್ಯ ಅಲರ್ಜಿಯಲ್ಲ. ಆಸ್ಪಿರಿನ್, ಡಿಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ನೋವು ತರುವ ರಾಸಾಯನಿಕಗಳ ದಾರಿಯನ್ನು ಕಟ್ಟಿದಾಗ, ಈ ಬಗೆಯ ರೋಗಿಗಳಲ್ಲಿ ಕಚ್ಚಾವಸ್ತುವೆಲ್ಲ ಪಕ್ಕದ ದಾರಿಗೆ ನುಗ್ಗಿ ಲ್ಯೂಕೋಟ್ರಯೀನ್ ಎಂಬ, ಶ್ವಾಸನಾಳವನ್ನು ಹಿಂಡುವ ವಸ್ತುವಾಗುತ್ತದೆ. ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಕಟ್ಟಿ, ಮುಖ ಕೆಂಪಾಗಿ, ಎದೆ ಬಿಗಿಯುತ್ತದೆ. ಆ ರಾತ್ರಿಗಳ ಗುಳಿಗೆ ಯಾವುದಿತ್ತೆಂದು ಚೀಟಿ ಹುಡುಕಿ ನೋಡಿ. ವೈದ್ಯರು ತೀರ್ಮಾನಿಸುವವರೆಗೆ ಆಕೆಗೆ ಈ ಗುಂಪಿನ ಯಾವ ಗುಳಿಗೆ, ಸೂಜಿ, ಹಚ್ಚುವ ಜೆಲ್ ಕೂಡ ಬೇಡ. ನೋವಿಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಸಾಮಾನ್ಯವಾಗಿ ಸಾಕು, ಒಂದೇ ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ. ಮೆಡಿಕಲ್ ಶಾಪಿನಲ್ಲಿ ‘ಪ್ಯಾರಾಸಿಟಮಾಲ್ ಇದೆ’ ಎಂದು ಕೊಡುವ ಅನೇಕ ಗುಳಿಗೆಗಳಲ್ಲಿ ಅಸಿಕ್ಲೋಫೆನಾಕ್ ಕೂಡ ಬೆರೆತಿರುತ್ತದೆ, ಹಾಳೆಯ ಹಿಂದಿನ ಸಣ್ಣ ಅಕ್ಷರ ಓದದೆ ತರಬೇಡಿ.

ಇಂಜೆಕ್ಷನ್ನಿಗೆ ಮುಂಚೆ ಇನ್ನೂ ಕೆಲವು ಬಾಗಿಲುಗಳನ್ನು ತಟ್ಟಿ ನೋಡಬೇಕು, ಏಕೆಂದರೆ ಇಸಿನೊಫಿಲ್ ಏರುವುದು ಅಸ್ತಮಾಕ್ಕೆ ಮಾತ್ರವಲ್ಲ. ಬರಿಗಾಲಿನಲ್ಲಿ ಹೊಲ-ಗದ್ದೆಗೆ ಇಳಿಯುವ ನಮ್ಮ ಭಾಗದಲ್ಲಿ ಹೊಟ್ಟೆಹುಳು ಸಾಮಾನ್ಯ, ಮತ್ತು ಇಸಿನೊಫಿಲ್ ಹುಳುವಿನ ವಿರುದ್ಧದ ಕಾವಲುಗಾರ. ಕಾವಲುಗಾರನನ್ನು ಮನೆಗೆ ಕಳಿಸುವ ಮುನ್ನ ಮಲಪರೀಕ್ಷೆ ಮಾಡಿಸಿ ಹುಳುವಿಗೆ ಔಷಧ ಕೊಡುವುದು ಕ್ರಮ. ರಾಯಚೂರು ಆನೆಕಾಲು ರೋಗದ ಜಿಲ್ಲೆಗಳಲ್ಲೊಂದು. ಅದರ ಪರಾವಲಂಬಿ ಶ್ವಾಸಕೋಶದಲ್ಲಿ ಕೆರಳಿಸುವ ಇಸಿನೊಫಿಲಿಯಾದಲ್ಲಿ ರಾತ್ರಿ ಕೆಮ್ಮು, ದಮ್ಮು ಎರಡೂ ಇರುತ್ತವೆ, ಮೂರು ವಾರದ ಡಿಇಸಿ ಗುಳಿಗೆಗೆ ಕಡಿಮೆಯಾಗುತ್ತದೆ. ಆದರೆ ಅಲ್ಲಿ ಎಣಿಕೆ ಸಾಮಾನ್ಯವಾಗಿ 3,000 ದಾಟಿರುತ್ತದೆ. ನಮ್ಮಲ್ಲಿ 600-700 ಇದ್ದವರಿಗೂ ‘ಇಸ್ನೋಫೀಲಿಯಾ ಕೋರ್ಸ್’ ಎಂದು ವರ್ಷಕ್ಕೆರಡು ಸಲ ಅದನ್ನೇ ಕೊಡುವ ವಾಡಿಕೆ ಇದೆ, ಅದರಿಂದ ಅಸ್ತಮಾ ರೋಗಿಗೆ ಉಪಯೋಗವಿಲ್ಲ.

ಐಜಿಇ 640 ಇರುವುದರಿಂದ ಒಂದು ಶಿಲೀಂಧ್ರವನ್ನೂ ನೆನೆಯಬೇಕು. ಒದ್ದೆಯಾದ ಹುಲ್ಲಿನ ಬಣವಿ, ಮುಗ್ಗಿದ ಧಾನ್ಯ, ತಿಪ್ಪೆಗಳಲ್ಲಿ ಬೆಳೆಯುವ ಆಸ್ಪರ್ಜಿಲ್ಲಸ್ ಎಂಬ ಬೂಷ್ಟಿನ ಕಣಗಳು ಕೆಲವು ಅಸ್ತಮಾ ರೋಗಿಗಳ ಶ್ವಾಸನಾಳದಲ್ಲಿ ನೆಲೆಸಿ ಎಬಿಪಿಎ ಎಂಬ ತೊಂದರೆ ಉಂಟುಮಾಡುತ್ತವೆ. ಒಟ್ಟು ಐಜಿಇ 500 ದಾಟಿದವರಲ್ಲಿ ಅದನ್ನು ಹುಡುಕಬೇಕೆಂಬುದು ಈಗಿನ ಸಲಹೆ. ಆಸ್ಪರ್ಜಿಲ್ಲಸ್‌ಗೆ ವಿಶಿಷ್ಟವಾದ ಐಜಿಇ ರಕ್ತಪರೀಕ್ಷೆ, ಬೇಕಾದರೆ ಸಿಟಿ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ. ಅದೇ ಆಗಿದ್ದರೆ ಇಟ್ರಾಕೊನಜೋಲ್‌ನಂಥ ಶಿಲೀಂಧ್ರನಾಶಕಕ್ಕೆ ಮೊದಲ ಅವಕಾಶ. ಇದರ ಜೊತೆಗೆ ಕೈಕಾಲು ಜೋಮು ಹಿಡಿಯುವುದು, ಚರ್ಮದ ಮೇಲೆ ನೇರಳೆ ಗುಳ್ಳೆ, ಪಾದ ಎತ್ತಲಾಗದಿರುವುದು ಇವೆಯೇ ಎಂದು ಆಕೆಯನ್ನು ಕೇಳಿ. ಇದ್ದರೆ ರಕ್ತನಾಳಗಳ ಉರಿಯೂತದ ಬೇರೊಂದು ರೋಗವನ್ನು ತಳ್ಳಿಹಾಕುವವರೆಗೆ ಮುಂದುವರಿಯುವಂತಿಲ್ಲ. ಇನ್ನೊಂದು ಮಾತು: 820 ಎಂಬ ಅಂಕಿ ಪ್ರೆಡ್ನಿಸೊಲೋನ್ ನಡೆಯುತ್ತಿರುವಾಗ ಬಂದದ್ದು. ಗುಳಿಗೆ ಇಸಿನೊಫಿಲನ್ನು ತಗ್ಗಿಸುತ್ತದೆ, ಆದ್ದರಿಂದ ನಿಜವಾದ ಅಂಕಿ ಇನ್ನೂ ಮೇಲಿರಬೇಕು.

ಇವೆಲ್ಲ ಸರಿಯೆಂದಾದರೆ ಯಾವ ಇಂಜೆಕ್ಷನ್? ಪತ್ರ ಓದಿ ಹೇಳಬಹುದಾದಷ್ಟನ್ನು ಹೇಳುತ್ತೇನೆ. ನಿಮ್ಮ ಪತ್ನಿಯ ರೋಗ ಎದೆಯಲ್ಲಿ ಮಾತ್ರವಲ್ಲ, ಮೂಗಿನಲ್ಲೂ ಇದೆ; ಎರಡಕ್ಕೂ ಆಗುವಂಥದ್ದನ್ನು ಆರಿಸುವುದು ಜಾಣತನ. ಡುಪಿಲುಮ್ಯಾಬ್, ಮೆಪೊಲಿಜುಮ್ಯಾಬ್, ಒಮಾಲಿಜುಮ್ಯಾಬ್ ಮೂರೂ ದುರ್ಮಾಂಸದ ಮೇಲೆ ಕೆಲಸ ಮಾಡುತ್ತವೆ, ಅದರಲ್ಲಿ ವಾಸನೆ ಮರಳಿಸುವುದರಲ್ಲಿ ಡುಪಿಲುಮ್ಯಾಬ್ ಮುಂದಿದೆ ಎಂಬುದು ನನ್ನ ಅನುಭವವೂ ಹೌದು. ಆದರೆ ಅದು ಕೆಲವರಲ್ಲಿ ರಕ್ತದ ಇಸಿನೊಫಿಲನ್ನು ತಾತ್ಕಾಲಿಕವಾಗಿ ಏರಿಸುತ್ತದೆ, ಆದ್ದರಿಂದ ಎಣಿಕೆ 1,500 ದಾಟಿದವರಿಗೆ ನಾನು ಅದನ್ನು ಕೊಡುವುದಿಲ್ಲ, ಮೆಪೊಲಿಜುಮ್ಯಾಬ್ ಕಡೆ ಹೋಗುತ್ತೇನೆ. ಒಮಾಲಿಜುಮ್ಯಾಬ್ ಪ್ರಮಾಣ ಐಜಿಇ ಮತ್ತು ತೂಕ ಎರಡರ ಮೇಲೂ ನಿಂತಿರುವುದರಿಂದ 640 ಐಜಿಇ, 66 ಕೆ.ಜಿ. ಇರುವವರಿಗೆ ವಯಲ್‌ಗಳ ಸಂಖ್ಯೆ ಹೆಚ್ಚಾಗುತ್ತದೆ.

ದರ ಕೇಳುವಾಗ ‘ಒಂದಕ್ಕೆ ಎಷ್ಟು’ ಎಂದು ಕೇಳಬೇಡಿ, ‘ವರ್ಷಕ್ಕೆ ಎಷ್ಟು’ ಎಂದು ಕೇಳಿ. ಮೆಪೊಲಿಜುಮ್ಯಾಬ್ ನಾಲ್ಕು ವಾರಕ್ಕೊಮ್ಮೆ, ಅಂದರೆ ವರ್ಷಕ್ಕೆ 13. ಡುಪಿಲುಮ್ಯಾಬ್ ಎರಡು ವಾರಕ್ಕೊಮ್ಮೆ, 26, ಜೊತೆಗೆ ಮೊದಲ ದಿನ ಎರಡರಷ್ಟು. ಬೆನ್ರಾಲಿಜುಮ್ಯಾಬ್ ಮೊದಲ ಮೂರು ಡೋಸ್ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎಂಟು ವಾರಕ್ಕೊಮ್ಮೆ, ಮೊದಲ ವರ್ಷ 8. ತಿಂಗಳಿಗೆ ಹತ್ತಾರು ಸಾವಿರದ ಮಾತು ಇದು. ಆರೋಗ್ಯ ವಿಮೆ ಇದ್ದರೆ, ಮಂಚ ಹಿಡಿಯದೆ ಹಾಕಿಸಿಕೊಳ್ಳುವ ಇಂಜೆಕ್ಷನ್ನಿಗೆ ಹಣ ಬರುತ್ತದೆಯೇ ಎಂದು ಕಂಪನಿಯಿಂದ ಬರವಣಿಗೆಯಲ್ಲಿ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು. ಔಷಧ ಕಂಪನಿಗಳು ಕೆಲವು ಡೋಸಿನ ಮೇಲೆ ರಿಯಾಯಿತಿ ಕೊಡುವ ಯೋಜನೆಗಳನ್ನು ವೈದ್ಯರ ಮೂಲಕ ನಡೆಸುತ್ತವೆ, ಸಂಕೋಚವಿಲ್ಲದೆ ವಿಚಾರಿಸಿ. ಹೊಲ ಅಡವಿಟ್ಟು ಮೂರು ಡೋಸ್ ಹಾಕಿಸಿ ನಾಲ್ಕನೆಯದಕ್ಕೆ ಹಣವಿಲ್ಲದೆ ನಿಲ್ಲಿಸುವುದಕ್ಕಿಂತ ಶುರು ಮಾಡದಿರುವುದೇ ಲೇಸು, ಏಕೆಂದರೆ ಫಲ ಅಳೆಯಲು ಕನಿಷ್ಠ ನಾಲ್ಕು ತಿಂಗಳಾದರೂ ಬೇಕು.

ಅಡ್ಡಪರಿಣಾಮಗಳು ಇಲ್ಲವೆಂದಲ್ಲ. ಚುಚ್ಚಿದ ಜಾಗದಲ್ಲಿ ಊತ, ತಲೆನೋವು ಬಹಳ ಜನರಿಗೆ ಬರುತ್ತವೆ, ಹೋಗುತ್ತವೆ. ಡುಪಿಲುಮ್ಯಾಬ್‌ನಿಂದ ಕಣ್ಣು ಕೆಂಪಾಗಿ ತುರಿಸಬಹುದು. ಮೆಪೊಲಿಜುಮ್ಯಾಬ್ ಪಡೆದ ಕೆಲವರಲ್ಲಿ ಸರ್ಪಸುತ್ತು ಕಂಡಿದೆ. ಒಮಾಲಿಜುಮ್ಯಾಬ್‌ಗೆ ಸಾವಿರದಲ್ಲಿ ಒಬ್ಬಿಬ್ಬರಿಗೆ ಇಡೀ ದೇಹದ ತೀವ್ರ ಅಲರ್ಜಿ ಬರಬಹುದಾದ್ದರಿಂದ ಮೊದಲ ಮೂರು ಡೋಸುಗಳನ್ನು ಅಡ್ರಿನಲಿನ್ ಕೈಗೆಟಕುವ ಆಸ್ಪತ್ರೆಯಲ್ಲೇ ಹಾಕಿಸಿ ಎರಡು ಗಂಟೆ ಅಲ್ಲೇ ಕೂರಿಸುತ್ತೇವೆ. ನನ್ನ ಹೆಚ್ಚಿನ ಆತಂಕ ಇರುವುದು ನಮ್ಮ ಬಿಸಿಲಿನ ಬಗ್ಗೆ. ಈ ಔಷಧ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹೊರಗೆ 42 ಡಿಗ್ರಿ. ಹೋದ ವರ್ಷ ಏಪ್ರಿಲ್‌ನಲ್ಲಿ ಒಬ್ಬರು ಬೆಂಗಳೂರಿನಿಂದ ಬಸ್ಸಿನಲ್ಲಿ ತಂದ ಪೆನ್ನನ್ನು ಐಸ್ ತುಂಡುಗಳ ನಡುವೆಯೇ ಹುದುಗಿಸಿದ್ದರು, ಒಳಗಿನ ದ್ರವ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು, ಅಷ್ಟು ಹಣವೂ ಕಸದ ಬುಟ್ಟಿಗೆ ಹೋಯಿತು. ಐಸ್‌ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ, ಔಷಧಕ್ಕೆ ನೇರವಾಗಿ ತಾಗದಂತೆ ಥರ್ಮಾಕೋಲ್ ಡಬ್ಬಿಯಲ್ಲಿಡಿ, ಮನೆಯ ಫ್ರಿಜ್ಜಿನಲ್ಲಿ ಮೇಲಿನ ಬರ್ಫದ ಪೆಟ್ಟಿಗೆ ಬೇಡ, ಬಾಗಿಲೂ ಬೇಡ, ನಡುವಿನ ಹಲಗೆಯಲ್ಲಿಡಿ.

ಇಂಜೆಕ್ಷನ್ ಆಗದವರಿಗೆ, ಅಥವಾ ನೀವೇ ಬೇಡವೆಂದರೆ, ದಾರಿ ಮುಚ್ಚಿಲ್ಲ. ಇನ್ಹೇಲರ್ ಪ್ರಮಾಣ ಏರಿಸಿ ಅದಕ್ಕೆ ಶ್ವಾಸನಾಳ ಸಡಿಲಿಸುವ ಟಿಯೋಟ್ರೋಪಿಯಂ ಸೇರಿಸಬಹುದು. ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಮತ್ತು ದಿನವೂ ಉಪ್ಪುನೀರಿನ ತೊಳೆತ. ಮಾಂಟೆಲುಕಾಸ್ಟ್ ಗುಳಿಗೆ, ಅದರಿಂದ ಮನಸ್ಸು ಮಂಕಾಗುವುದು ಅಥವಾ ಕೆಟ್ಟ ಕನಸು ಕಂಡರೆ ಕೂಡಲೇ ನಿಲ್ಲಿಸಬೇಕು. ಟಿಬಿ ಇಲ್ಲವೆಂದು ಖಚಿತಪಡಿಸಿ ಇಸಿಜಿ ನೋಡಿ ವಾರಕ್ಕೆ ಮೂರು ದಿನ ಅಜಿತ್ರೊಮೈಸಿನ್. ಆಸ್ಪಿರಿನ್‌ನ ಬಗೆಯ ಅಸ್ತಮಾ ಎಂದು ಖಚಿತವಾದರೆ, ದೊಡ್ಡ ಆಸ್ಪತ್ರೆಯಲ್ಲಿ ನಿಗಾದೊಳಗೆ ಆಸ್ಪಿರಿನನ್ನು ಹನಿಹನಿಯಾಗಿ ಏರಿಸಿ ದೇಹಕ್ಕೆ ಒಗ್ಗಿಸಿ ಆಮೇಲೆ ದಿನವೂ ಕೊಡುವ ವಿಧಾನವಿದೆ, ಅಗ್ಗ, ದುರ್ಮಾಂಸ ಮರುಕಳಿಸುವುದನ್ನೂ ತಗ್ಗಿಸುತ್ತದೆ, ಆದರೆ ಹೊಟ್ಟೆಹುಣ್ಣು ಮತ್ತು ರಕ್ತಸ್ರಾವದ ಭಯ ಇದ್ದೇ ಇದೆ. ಅಪ್ಪಿತಪ್ಪಿಯೂ ಇದನ್ನು ಮನೆಯಲ್ಲಿ ಪ್ರಯೋಗಿಸಬಾರದು.

ಮೀನಿನ ಔಷಧದ ಬಗ್ಗೆ ಕೇಳಿದ್ದೀರಿ. ಅದಕ್ಕೆ ಹೋಗಿಬಂದವರನ್ನು ನಾನು ಬೈಯುವುದಿಲ್ಲ, ನಂಬಿಕೆ ಅವರದು. ಅದು ಅಸ್ತಮಾವನ್ನು ಗುಣಪಡಿಸುತ್ತದೆ ಎನ್ನಲು ಪುರಾವೆಯಿಲ್ಲ. ಅಲ್ಲಿಗೆ ಹೋಗುವ ಹುರುಪಿನಲ್ಲಿ ಇನ್ಹೇಲರ್ ಮತ್ತು ಪ್ರೆಡ್ನಿಸೊಲೋನ್ ಎರಡನ್ನೂ ಬಿಟ್ಟು, ಜೂನ್ ಮೂರನೆಯ ವಾರ ಆಂಬುಲೆನ್ಸಿನಲ್ಲಿ ಬರುವವರನ್ನು ಮಾತ್ರ ಪ್ರತಿ ವರ್ಷ ನೋಡುತ್ತೇನೆ.

ಬಳ್ಳಾರಿ, ಕೊಪ್ಪಳಗಳಿಂದ ಇದೇ ಇಂಜೆಕ್ಷನ್ ಕೇಳಿಕೊಂಡು ಬರುವ ಇನ್ನೊಂದು ಗುಂಪಿಗೆ ಎರಡು ಮಾತು. ಬೀಡಿ ಸೇದಿ ಅಥವಾ ಹೊಗೆಯ ಒಲೆ ಊದಿ ಬಂದ ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ, ರಕ್ತದ ಇಸಿನೊಫಿಲ್ ಹೆಚ್ಚಿದ್ದು ಮೂರು ಔಷಧಗಳ ಇನ್ಹೇಲರಿಗೂ ಜಗ್ಗದ ಕೆಲವರಿಗೆ ಮಾತ್ರ ಡುಪಿಲುಮ್ಯಾಬ್ (2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ) ಪ್ರಯೋಜನಕ್ಕೆ ಬಂದೀತು. ಕಲ್ಲುಪುಡಿಯ ಕೆಲಸದಿಂದ ಬಂದ ಸಿಲಿಕೋಸಿಸ್‌ಗೆ ಇವು ಯಾವುದರಿಂದಲೂ ಉಪಯೋಗವಿಲ್ಲ, ಯಾರಾದರೂ ಹಾಕಿಸಿ ಎಂದರೆ ಕಾರಣ ಕೇಳಿ.

ನಿಮ್ಮ ವಿಷಯಕ್ಕೆ ಮರಳುತ್ತೇನೆ. ಪರೀಕ್ಷೆಗಳು ಅಡ್ಡಿಯಿಲ್ಲವೆಂದರೆ ನಾನಾದರೂ ಇಂಜೆಕ್ಷನ್ ಶುರು ಮಾಡಿಸುತ್ತಿದ್ದೆ. ಬೆಂಗಳೂರಿನ ವೈದ್ಯರ ಸಲಹೆಯಲ್ಲಿ ನನಗೆ ತಪ್ಪು ಕಾಣುತ್ತಿಲ್ಲ. ಶುರುವಾದ ಒಂದೆರಡು ತಿಂಗಳು ಪ್ರೆಡ್ನಿಸೊಲೋನ್ ಹಾಗೆಯೇ ಇರಲಿ. ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ 2.5 ಮಿ.ಗ್ರಾಂನಂತೆ ಇಳಿಸಿ, 5 ಮಿ.ಗ್ರಾಂ ಮುಟ್ಟಿದಾಗ ಅಡ್ರಿನಲ್ ಗ್ರಂಥಿ ಎದ್ದಿದೆಯೇ ಎಂದು ತೋರಿಸುವ, ಬೆಳಿಗ್ಗೆ ಎಂಟು ಗಂಟೆಯ ಕಾರ್ಟಿಸೋಲ್ ರಕ್ತಪರೀಕ್ಷೆ ನೋಡಿ ಮುಂದಿನ ಹೆಜ್ಜೆ. ಈ ಇಳಿಕೆಯ ವೇಳಾಪಟ್ಟಿಯನ್ನು ಇಂಜೆಕ್ಷನ್ ಬರೆದ ವೈದ್ಯರಿಂದಲೇ ಬರೆಸಿಕೊಳ್ಳಿ. ಸಿಂಧನೂರಿನಿಂದ ಬೆಂಗಳೂರಿಗೆ ಪ್ರತಿ ಸಲ ಓಡಬೇಕಿಲ್ಲ. ರಾಯಚೂರು ಅಥವಾ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ ಊದುವ ಪರೀಕ್ಷೆ, ರಕ್ತಪರೀಕ್ಷೆ ಮಾಡಿಸಿ ವರದಿ ಕಳಿಸಬಹುದು.

ಅಂಗಡಿಯ ಖಾತೆ ಪುಸ್ತಕದಂಥದ್ದೇ ಒಂದು ಪುಸ್ತಕ ಮನೆಯಲ್ಲಿಡಿ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ, ಕೊಡಬಾರದ ನೋವಿನ ಗುಳಿಗೆಗಳ ಹೆಸರು ಮತ್ತು ‘ಸ್ಟೀರಾಯ್ಡ್ ಸೇವನೆಯಲ್ಲಿದ್ದಾರೆ’ ಎಂಬ ಸಾಲು. ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ ಹೋದರೂ ಅದನ್ನೇ ಮೊದಲು ತೋರಿಸಿ. ಒಳಗಿನ ಪುಟಗಳಲ್ಲಿ ವಾರಕ್ಕೊಂದು ಸಾಲು ಸಾಕು: ಎಷ್ಟು ರಾತ್ರಿ ಎದ್ದು ಕೂತರು, ತುರ್ತಿನ ಪಂಪ್ ಎಷ್ಟು ಸಲ ಒತ್ತಿದರು, ಎಷ್ಟು ಮಿ.ಗ್ರಾಂ ಪ್ರೆಡ್ನಿಸೊಲೋನ್ ಹೋಯಿತು, ಬೆಳಗಿನ ಶುಗರ್ ಎಷ್ಟು, ಒಗ್ಗರಣೆಗೆ ಬಿದ್ದ ಇಂಗಿನ ವಾಸನೆ ಬಂತೋ ಇಲ್ಲವೋ. ನಾಲ್ಕು ತಿಂಗಳು ತುಂಬಿದ ದಿನ ಆ ಪುಸ್ತಕವನ್ನು ವೈದ್ಯರ ಮುಂದಿಡಿ. ಮುಂದುವರಿಸಬೇಕೋ, ಬೇರೆ ಇಂಜೆಕ್ಷನ್ನಿಗೆ ಬದಲಿಸಬೇಕೋ, ನಿಲ್ಲಿಸಬೇಕೋ ಎಂಬುದನ್ನು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ.